1 − ಎರ್ಫ್(6) ಸೊನ್ನೆ ಏಕೆ?

ಪ್ರಶ್ನೆ: ನಾರ್ಮಲ್ ಹಂಚಿಕೆಯ ಬಾಲದ (ಕೇಂದ್ರದಿಂದ ದೂರದ ತುದಿಯ) ಸಂಭವನೀಯತೆಗಾಗಿ ಎರ್ಫ್ (erf, ಎರರ್ ಫಂಕ್ಷನ್) ಹಿಡಿದು 1 − ಎರ್ಫ್(ಎಕ್ಸ್) ಬಳಸುತ್ತಿದ್ದೇನೆ. ಎಕ್ಸ್ 6 ಆದಾಗ ಸೊನ್ನೆ ಬರುತ್ತದೆ. ಲೈಬ್ರರಿಯಲ್ಲಿ ದೋಷವಿದೆಯೇ?

ಉತ್ತರ: ಇಲ್ಲ. ಎರ್ಫ್(6) ಇರುವುದು 1ಕ್ಕಿಂತ ಸುಮಾರು 2.15 × 10⁻¹⁷ರಷ್ಟು ಮಾತ್ರ ಕೆಳಗೆ. ಸಂಖ್ಯೆಯನ್ನು 64 ಬಿಟ್‌ಗಳಲ್ಲಿ ಇಡುವ ಡಬಲ್ ಪ್ರಿಸಿಷನ್‌ನಲ್ಲಿ 1ರ ಕೆಳಗಿನ ಮೊದಲ ಸಂಖ್ಯೆಯೇ 1.1 × 10⁻¹⁶ ದೂರದಲ್ಲಿದೆ. ಆದ್ದರಿಂದ ಲೈಬ್ರರಿ 1 ಎಂದು ಕೊಟ್ಟದ್ದು ಸರಿಯೇ. ನೀವು ಕಳೆಯುವ ಹೊತ್ತಿಗೆ ಬಾಲದ ಅಂಕಿಗಳು ಉಳಿದಿರಲಿಲ್ಲ. ಸೊನ್ನೆಯಾದರೂ ಕಣ್ಣಿಗೆ ಬೀಳುತ್ತದೆ. ಎಕ್ಸ್ = 5 ಇನ್ನೂ ಅಪಾಯಕಾರಿ: ನಿಜವಾದ ಬೆಲೆ 1.53746 × 10⁻¹², ಕಳೆದು ಪಡೆದದ್ದರಲ್ಲಿ ಮೊದಲ ನಾಲ್ಕೈದು ಅಂಕಿ ಮಾತ್ರ ಸರಿ. ಪರದೆಯ ಮೇಲೆ ಮಾತ್ರ ಹದಿನಾರೂ ಅಂಕಿಗಳು ಠೀವಿಯಿಂದ ನಿಂತಿರುತ್ತವೆ.

ಪರಿಹಾರ ಸುಲಭ: ಎರ್ಫ್‌ಸಿ(ಎಕ್ಸ್) ಕರೆಯಿರಿ. 1 − ಎರ್ಫ್(ಎಕ್ಸ್) ಬೆಲೆಯನ್ನು ಕಳೆಯದೆ ನೇರವಾಗಿ ಕೊಡುವ ಫಂಕ್ಷನ್ ಅದು. 1999ರ ಮಾನಕವಾದ ಸಿ99ರಿಂದ ಅದು ಸಿ ಭಾಷೆಯ ಗಣಿತ ಲೈಬ್ರರಿಯಲ್ಲೇ ಇದೆ, ಪೈಥಾನ್‌ನಲ್ಲೂ ಇದೆ. ನಾರ್ಮಲ್ ಬಾಲಕ್ಕೆ ಎಕ್ಸ್ ಅನ್ನು √2ರಿಂದ ಭಾಗಿಸಿ ಎರ್ಫ್‌ಸಿಗೆ ಕೊಟ್ಟು, ಬಂದದ್ದನ್ನು ಅರ್ಧ ಮಾಡಿ.

ಎರ್ಫ್‌ನ ಟೇಲರ್ ಸರಣಿಯನ್ನು (ಎಕ್ಸ್‌ನ ಘಾತಗಳ ಅನಂತ ಮೊತ್ತವನ್ನು) ನಾವೇ ಕೂಡಿದರಾಗದೇ ಎಂದು ಕೆಲವರಿಗೆ ಅನ್ನಿಸುತ್ತದೆ. ಆ ಸರಣಿ ಎಲ್ಲ ಎಕ್ಸ್‌ಗೂ ಒಮ್ಮುಖವಾಗುತ್ತದೆ, ನಿಜ. ಆದರೆ ಎಕ್ಸ್ = 6ರಲ್ಲಿ ಅದರ ಅತಿ ದೊಡ್ಡ ಪದ ಸುಮಾರು 2.7 × 10¹³. ಧನ, ಋಣ ಪದಗಳು ಪರಸ್ಪರ ಹೊಡೆದುಹೋಗಿ ಉಳಿಯಬೇಕಾದದ್ದು 1. ಅಂಥ ಪದವೊಂದರ ರೌಂಡಿಂಗ್ ದೋಷವೇ 0.002ರ ಆಸುಪಾಸು.

ಅದಕ್ಕೇ ಲೈಬ್ರರಿಗಳು ಎಕ್ಸ್‌ನ ವ್ಯಾಪ್ತಿಯನ್ನು ತುಂಡು ಮಾಡಿ, ಒಂದೊಂದಕ್ಕೂ ಬೇರೆ ಬಹುಪದಗಳ ಭಾಗಲಬ್ಧ ಬಳಸುತ್ತವೆ. ಸನ್ ಕಂಪನಿಯ ಗಣಿತ ಲೈಬ್ರರಿಯಾದ ಎಫ್‌ಡಿಲಿಬ್‌ಎಂನಲ್ಲಿ 0.84375, 1.25, ಸುಮಾರು 2.857, 28 ಈ ಗಡಿಗಳು. ಅದರಲ್ಲಿರುವ ಒಂದು ಚಮತ್ಕಾರವನ್ನು ಸ್ವಂತ ಕೋಡ್ ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ. ದೊಡ್ಡ ಎಕ್ಸ್‌ಗೆ ಇ⁻ˣ² ಬೇಕು. ಎಕ್ಸ್ 26ರ ಹತ್ತಿರವಿದ್ದಾಗ ವರ್ಗದಲ್ಲಿ 5.7 × 10⁻¹⁴ರವರೆಗೆ ರೌಂಡಿಂಗ್ ದೋಷ ಆಗಬಹುದು. ಘಾತದಲ್ಲಿನ ಈ ದೋಷ ಉತ್ತರದಲ್ಲಿ ಅಷ್ಟೇ ಸಾಪೇಕ್ಷ ದೋಷವಾಗುತ್ತದೆ. ಆದ್ದರಿಂದ ಎಕ್ಸ್‌ನ ಕೆಳಗಿನ 32 ಬಿಟ್‌ ಅಳಿಸಿ ಝಡ್ ಮಾಡಿಕೊಳ್ಳುತ್ತಾರೆ. ಝಡ್‌ನ ವರ್ಗ ನಿಖರ. ಉಳಿದ ವ್ಯತ್ಯಾಸ (ಝಡ್ − ಎಕ್ಸ್)(ಝಡ್ + ಎಕ್ಸ್) ಎಂದು ಬೇರೆ ಘಾತವಾಗಿ ಗುಣಿಸಲ್ಪಡುತ್ತದೆ.

ಎಕ್ಸ್ 28 ತಲುಪಿದರೆ ಎರ್ಫ್‌ಸಿಯೂ ಸೊನ್ನೆ, ಏಕೆಂದರೆ ಡಬಲ್‌ನಲ್ಲಿ ಅಷ್ಟು ಚಿಕ್ಕ ಸಂಖ್ಯೆಯೇ ಇಲ್ಲ. ಲಾಗರಿತಮ್ ಸಾಕೆಂದಾದರೆ ಪೈಥಾನ್‌ನ ವಿಜ್ಞಾನ ಲೈಬ್ರರಿಯಾದ ಸೈಪೈನ ಎರ್ಫ್‌ಸಿಎಕ್ಸ್ ಬಳಸಿ. ಇ⁻ˣ² ಅಂಶವನ್ನು ತೆಗೆದಿಟ್ಟ ಎರ್ಫ್‌ಸಿ ಅದು; 28ರಲ್ಲೂ ಸುಮಾರು 0.0201 ಕೊಡುತ್ತದೆ. ಅದರ ಲಾಗ್‌ನಿಂದ ಎಕ್ಸ್‌ನ ವರ್ಗ ಕಳೆಯಿರಿ.