ಹಾ-ಹಾ: ಇಂಗ್ಲಿಷ್ ಎಸ್ಟೇಟಿನ ಕಾಣದ ಬೇಲಿ

ಇಂಗ್ಲೆಂಡಿನ ಹಳೆಯ ಕಂಟ್ರಿ ಹೌಸ್‌ಗಳ ಚಿತ್ರ ನೀವು ನೋಡಿರುತ್ತೀರಿ. ಅರಮನೆಯಂಥ ಮನೆ. ಅದರ ಮುಂದೆ ಹಸಿರು ಹುಲ್ಲು. ಆ ಹುಲ್ಲು ಹಾಗೇ ಇಳಿಜಾರಿನಲ್ಲಿ ಇಳಿದು ಕೆರೆಯ ದಡ ಮುಟ್ಟಿ, ಆಚೆಯ ಗುಡ್ಡ ಹತ್ತಿ, ದೂರದ ಮರಗಳ ಗುಂಪಿನ ತನಕ ಹೋಗುತ್ತದೆ. ನಡುವೆ ಕುರಿಗಳು ಮೇಯುತ್ತಿರುತ್ತವೆ. ಎಲ್ಲೂ ಬೇಲಿ ಇಲ್ಲ, ಗೋಡೆ ಇಲ್ಲ. ಹಾಗಾದರೆ ಆ ಕುರಿಗಳು ಸೀದಾ ಮನೆ ಬಾಗಿಲಿಗೆ ಬಂದು ಗುಲಾಬಿ ಗಿಡ ಮೇಯುವುದಿಲ್ಲ ಯಾಕೆ?

ಅವುಗಳನ್ನು ತಡೆಯುವ ವಸ್ತುವಿಗೆ ‘ಹಾ-ಹಾ’ ಅಂತ ಹೆಸರು. ತಮಾಷೆಯಲ್ಲ, ನಿಘಂಟಿನಲ್ಲೇ ಇರುವ ಪದ.

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ತೋಟಕ್ಕೆ ದನ ನುಗ್ಗಬಾರದು ಅಂತ ಸುತ್ತ ಅಗಳು ತೋಡುತ್ತಾರಲ್ಲ, ಅದೇ ಜಾತಿಯದು. ಆದರೆ ನಮ್ಮ ಅಗಳಿನಲ್ಲಿ ತೋಡಿದ ಮಣ್ಣನ್ನು ಪಕ್ಕದಲ್ಲೇ ಏರಿ ಹಾಕುತ್ತೇವೆ, ಮೇಲೆ ಮುಳ್ಳಿನ ಗಿಡವನ್ನೂ ನೆಡುತ್ತೇವೆ. ಅಲ್ಲೊಂದು ಬೇಲಿ ಇದೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಹಾ-ಹಾದಲ್ಲಿ ಏರಿ ಇರುವುದಿಲ್ಲ. ಮನೆಯ ಕಡೆಯ ಬದಿಯನ್ನು ನೆಟ್ಟಗೆ ಕಡಿದು ಕಲ್ಲಿನ ಅಥವಾ ಇಟ್ಟಿಗೆಯ ಗೋಡೆ ಕಟ್ಟುತ್ತಾರೆ. ಗೋಡೆಯ ತಲೆ ಹುಲ್ಲಿನ ಮಟ್ಟಕ್ಕೇ ನಿಲ್ಲುತ್ತದೆ, ಒಂದಿಂಚೂ ಮೇಲೆ ಬರುವುದಿಲ್ಲ. ಆಚೆಯ ಬದಿ ಮಾತ್ರ ಮೆಲ್ಲಗೆ ಓರೆಯಾಗಿ ಏರಿ ಬಯಲಿಗೆ ಸೇರುತ್ತದೆ. ಅದರ ಮೇಲೂ ಹುಲ್ಲು. ಮನೆಯ ಕಿಟಕಿಯಿಂದ ನೋಡಿದರೆ ಈ ಹುಲ್ಲು ಆ ಹುಲ್ಲಿಗೆ ಕೂಡಿಕೊಂಡು ಒಂದೇ ಹಾಸಿನಂತೆ ಕಾಣುತ್ತದೆ. ಆಚೆಯಿಂದ ಬರುವ ಕುರಿಗೋ ಜಿಂಕೆಗೋ ಮಾತ್ರ ಎದುರಿಗೆ ಗೋಡೆ. ಮಾಲೀಕನಿಗೆ ಕಾಣದ್ದು ಕುರಿಗೆ ಕಾಣುತ್ತದೆ.

ಹೆಸರು ಬಂದದ್ದು ಫ್ರಾನ್ಸಿನಿಂದ. ನಡೆಯುತ್ತ ಹೋದವರು ಕಾಲಬುಡದಲ್ಲೇ ಕಂದಕ ಬಾಯಿ ತೆರೆದದ್ದು ಕಂಡು ‘ಆ! ಆ!’ ಎನ್ನುತ್ತಿದ್ದರಂತೆ. 1709ರಲ್ಲಿ ಡೆಜಾಲಿಯೇ ದಾರ್ಜೆನ್‌ವಿಲ್ ಎಂಬ ಫ್ರೆಂಚ್ ಲೇಖಕ ತೋಟಗಾರಿಕೆಯ ಬಗ್ಗೆ ಬರೆಯುತ್ತ ಇದನ್ನು ವಿವರಿಸಿದ. ಮೂರು ವರ್ಷದಲ್ಲಿ ಅದು ಇಂಗ್ಲಿಷಿಗೂ ಬಂತು. ಕೆನಡಾದ ಕ್ವಿಬೆಕ್‌ನಲ್ಲಿ ಸೇಂಟ್ ಲೂಯಿ ದು ಹಾ! ಹಾ! ಅಂತ ಒಂದು ಊರೇ ಇದೆ, ಆಶ್ಚರ್ಯಸೂಚಕ ಚಿಹ್ನೆಗಳ ಸಮೇತ.

ಇಂಗ್ಲೆಂಡಿನ ಉತ್ತರದಲ್ಲಿ ಲೆವೆನ್ಸ್ ಹಾಲ್ ಎಂಬ ಮನೆಯಿದೆ. ಅಲ್ಲಿ ಬೋಮಾಂಟ್ ಎಂಬ ಫ್ರೆಂಚ್ ತೋಟಗಾರ 1690ರ ದಶಕದಲ್ಲೇ ಇಂಥದ್ದೊಂದನ್ನು ಮಾಡಿಸಿದ್ದ. ಆದರೆ ಹಾ-ಹಾಗೆ ನಿಜವಾದ ಕೆಲಸ ಸಿಕ್ಕಿದ್ದು ಬಕಿಂಗ್‌ಹ್ಯಾಮ್‌ಷೈರಿನ ಸ್ಟೋ ಎಂಬ ಎಸ್ಟೇಟಿನಲ್ಲಿ. ಹಾಗಾಗಿ ಉಳಿದ ಕಥೆಯನ್ನು ಅಲ್ಲಿಂದಲೇ ಹೇಳುತ್ತೇನೆ.

ಮೊದಲು ‘ಎಸ್ಟೇಟ್’ ಬಗ್ಗೆ ಎರಡು ಮಾತು. ನಮಗೆ ಎಸ್ಟೇಟ್ ಅಂದರೆ ಕೊಡಗು, ಚಿಕ್ಕಮಗಳೂರು, ಕಾಫಿ. ಇಂಗ್ಲೆಂಡಿನಲ್ಲಿ ಹಾಗಲ್ಲ. ನಡುವೆ ದೊಡ್ಡ ಮನೆ, ಅದರ ಸುತ್ತ ತೋಟ, ತೋಟದ ಆಚೆ ‘ಪಾರ್ಕ್’. ಈ ಪಾರ್ಕ್ ಸಾರ್ವಜನಿಕರದ್ದಲ್ಲ. ಜಿಂಕೆ, ದನ, ಕುರಿ ಮೇಯುವ, ಮಾಲೀಕ ಕುದುರೆ ಮೇಲೆ ಓಡಾಡುವ ಖಾಸಗಿ ಹುಲ್ಲುಗಾವಲು. ಅದರಾಚೆ ಗೇಣಿದಾರರ ಹೊಲಗಳು, ಹಳ್ಳಿಗಳು. ಈ ಗೇಣಿಯ ಹಣದಲ್ಲೇ ನಡುವಿನ ಮನೆಯ ದೀಪ ಉರಿಯುತ್ತಿತ್ತು. ಹಾ-ಹಾ ಇರುತ್ತಿದ್ದದ್ದು ತೋಟಕ್ಕೂ ಪಾರ್ಕಿಗೂ ನಡುವೆ.

ಸ್ಟೋ ಟೆಂಪಲ್ ಮನೆತನದ್ದು. ಇವರು ಕುರಿ ಸಾಕಿ ದುಡ್ಡು ಮಾಡಿದವರು. ಪೀಟರ್ ಟೆಂಪಲ್ 1571ರಲ್ಲಿ ಈ ಜಮೀನನ್ನು ಗುತ್ತಿಗೆಗೆ ಹಿಡಿದ, ಅವನ ಮಗ 1589ರಲ್ಲಿ ಕೊಂಡುಕೊಂಡ. ಈಗಿನ ಮನೆಯ ಒಡಲು ಕಟ್ಟಿದ್ದು 1670, 80ರ ಸುಮಾರಿಗೆ. ಕುರಿಯಿಂದಲೇ ಬೆಳೆದ ಮನೆತನ ಮುಂದೆ ಕುರಿಯನ್ನು ದೂರ ಇಡಲು ಕಂದಕ ತೋಡಿಸಿತು ಅನ್ನೋದು ನನಗಂತೂ ಮಜವಾಗಿ ಕಾಣುತ್ತದೆ.

ತೋಡಿಸಿದವನು ಆ ವಂಶದ ಸರ್ ರಿಚರ್ಡ್ ಟೆಂಪಲ್, ಅಂದರೆ ಮುಂದೆ ಲಾರ್ಡ್ ಕಾಬಮ್ ಆದವನು. ಸೈನಿಕ. ಮಾರ್ಲ್‌ಬರೋ ಡ್ಯೂಕನ ಕೈಕೆಳಗೆ ಯುರೋಪಿನಲ್ಲಿ ಯುದ್ಧ ಮಾಡಿದವನು. ಕೋಟೆ, ಕಂದಕ, ಕೊತ್ತಳ ಅವನಿಗೆ ಚೆನ್ನಾಗಿ ಗೊತ್ತಿದ್ದವು. 1710ರ ದಶಕದಲ್ಲಿ ಅವನು ಚಾರ್ಲ್ಸ್ ಬ್ರಿಜ್‌ಮನ್ ಎಂಬ ತೋಟದ ವಿನ್ಯಾಸಗಾರನನ್ನು ಕರೆಸಿದ. ಕಟ್ಟಡಗಳ ಕೆಲಸಕ್ಕೆ ಜಾನ್ ವ್ಯಾನ್‌ಬ್ರೂ ಬಂದ. ಆ ಕಾಲದ ಶ್ರೀಮಂತರ ತೋಟ ಅಂದರೆ ನಾಲ್ಕೂ ಕಡೆ ಎತ್ತರದ ಗೋಡೆ, ಒಳಗೆ ಗೆರೆ ಎಳೆದಂತೆ ಹಾದಿ, ಕತ್ತರಿಸಿ ಗೊಂಬೆ ಮಾಡಿದ ಗಿಡಗಳು. ಬ್ರಿಜ್‌ಮನ್ ಒಳಗಿನ ನೇರ ಗೆರೆಗಳನ್ನು ಪೂರ್ತಿ ಬಿಡಲಿಲ್ಲ, ಆದರೆ ಹೊರಗೋಡೆ ತೆಗೆದುಹಾಕಿ ಅಲ್ಲಿ ಕಂದಕ ತೋಡಿಸಿದ. ಮೂಲೆಗಳಲ್ಲಿ ಕೋಟೆಯ ಹಾಗೆ ಕೊತ್ತಳಗಳು. ಅವುಗಳ ಮೇಲೆ ನಿಂತರೆ ಫಿರಂಗಿ ಇಲ್ಲ, ಬರೀ ನೋಟ. ಅಲ್ಲಿಂದ ಕಣ್ಣಳತೆಯ ಹೊಲ, ಕಾಡು, ಆಕಾಶ ಎಲ್ಲವೂ ಕಾಬಮ್‌ನ ತೋಟದ ಭಾಗದಂತೆ ಕಾಣುತ್ತಿದ್ದವು.

ಇದರ ಮಹತ್ವವನ್ನು ಬರೆದಿಟ್ಟವನು ಹೊರೇಸ್ ವಾಲ್ಪೋಲ್. ಗೋಡೆ ಕೆಡವಿ ಕಂದಕ ತೋಡಿದ್ದೇ ಇಡೀ ಬದಲಾವಣೆಯ ಮುಖ್ಯ ಏಟು ಅಂತ ಅವನ ಅಭಿಪ್ರಾಯ. ಆಮೇಲೆ ಬಂದ ವಿನ್ಯಾಸಗಾರ ವಿಲಿಯಂ ಕೆಂಟ್ ಬೇಲಿ ಜಿಗಿದು, ಪ್ರಕೃತಿಯೆಲ್ಲ ತೋಟವೇ ಅಂತ ಕಂಡುಕೊಂಡ ಅಂತಲೂ ಅವನು ಬರೆದ. ಹಾ-ಹಾ ಬ್ರಿಜ್‌ಮನ್ನನದೇ ಕಲ್ಪನೆ ಅಂದುಕೊಂಡಿದ್ದ. ಫ್ರೆಂಚರ ಪಾಲನ್ನು ಕೊಡಲಿಲ್ಲ. ಈ ಹೊರೇಸ್ ಯಾರು ಗೊತ್ತಾ? ಪ್ರಧಾನಿ ರಾಬರ್ಟ್ ವಾಲ್ಪೋಲನ ಮಗ. ಆ ಅಪ್ಪನಿಗೂ ಕಾಬಮ್‌ಗೂ ಎಣ್ಣೆ ಸೀಗೇಕಾಯಿ. 1733ರಲ್ಲಿ ಅಬಕಾರಿ ತೆರಿಗೆಯ ಮಸೂದೆಯನ್ನು ವಿರೋಧಿಸಿದ್ದಕ್ಕೆ ವಾಲ್ಪೋಲ್ ಸರ್ಕಾರ ಕಾಬಮ್‌ನ ಕೈಯಿಂದ ಅವನ ರೆಜಿಮೆಂಟನ್ನೇ ಕಿತ್ತುಕೊಂಡಿತು.

ಕಾಬಮ್ ಮನೆಗೆ ಬಂದು ತೋಟದಲ್ಲೇ ಸೇಡು ತೀರಿಸಿಕೊಂಡ. ಕೆಂಟ್‌ನಿಂದ ‘ಪುರಾತನ ಸದ್ಗುಣದ ಗುಡಿ’ ಅಂತ ಒಂದು ಚಂದದ ಗುಂಡು ಮಂಟಪ ಕಟ್ಟಿಸಿದ. ಹತ್ತಿರದಲ್ಲೇ ‘ಆಧುನಿಕ ಸದ್ಗುಣದ ಗುಡಿ’. ಅದನ್ನು ಬೇಕೆಂತಲೇ ಪಾಳುಬಿದ್ದ ಹಾಗೆ ಕಟ್ಟಿಸಿದ. ನೀರಿನಾಚೆ ಶೇಕ್ಸ್‌ಪಿಯರ್, ನ್ಯೂಟನ್, ರಾಣಿ ಎಲಿಜಬೆತ್ ಹೀಗೆ 16 ಮಂದಿ ‘ಬ್ರಿಟಿಷ್ ಮಹನೀಯ’ರ ತಲೆಗಳು. ಅದೇ ಸಾಲಿನ ಬೆನ್ನಿಗೆ ಸಿನ್ಯೋರ್ ಫೀಡೋ ಎಂಬುವನ ಗುಣಗಾನದ ಶಾಸನ. ಓದುತ್ತ ಹೋದರೆ ಕೊನೆಯಲ್ಲಿ ಗೊತ್ತಾಗುತ್ತದೆ, ಅದೊಂದು ನಾಯಿ. ಈಗಿನ ಟ್ರೋಲ್‌ಗಿಂತ ಇದು ಎಷ್ಟೋ ದುಬಾರಿ, ಆದರೆ ಬಾಳಿಕೆ ಜಾಸ್ತಿ. ಜನ ನೋಡಲು ಬರತೊಡಗಿದರು. 1744ರಲ್ಲಿ ಪಕ್ಕದ ಬಕಿಂಗ್‌ಹ್ಯಾಮ್ ಊರಿನ ಬೆಂಟನ್ ಸೀಲಿ ಎಂಬಾತ ಸ್ಟೋ ತೋಟಕ್ಕೇ ಒಂದು ಕೈಪಿಡಿ ಅಚ್ಚು ಹಾಕಿ ಮಾರಿದ.

1741ರಲ್ಲಿ ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗ ಇಲ್ಲಿಗೆ ಮುಖ್ಯ ತೋಟಗಾರನಾಗಿ ಬಂದ. ಹೆಸರು ಲ್ಯಾನ್ಸ್‌ಲಾಟ್ ಬ್ರೌನ್. ಯಾವ ಜಮೀನು ತೋರಿಸಿದರೂ ‘ಇದಕ್ಕೆ ಕೇಪಬಿಲಿಟಿ ಇದೆ’ ಅನ್ನುತ್ತಿದ್ದನಂತೆ, ಹಾಗಾಗಿ ಕೇಪಬಿಲಿಟಿ ಬ್ರೌನ್ ಅಂತಲೇ ಪ್ರಸಿದ್ಧನಾದ. ಕೆಂಟ್‌ನ ಕೆಲಸ ನೋಡಿ ಕಲಿತ, ಸ್ಟೋ ಊರಿನ ಚರ್ಚಿನಲ್ಲೇ ಮದುವೆಯಾದ. ಇಲ್ಲಿನ ‘ಗ್ರೀಕ್ ಕಣಿವೆ’ಯನ್ನು 1740ರ ದಶಕದ ಕೊನೆಗೆ ಸನಿಕೆ, ಕೈಗಾಡಿಗಳಿಂದಲೇ ಅಗೆಸಿದ. ನೋಡಿದರೆ ದೇವರೇ ಮಾಡಿದ ಕಣಿವೆ ಅನ್ನಿಸುತ್ತದೆ. 1751ರಲ್ಲಿ ಸ್ಟೋ ಬಿಟ್ಟು ಸ್ವಂತ ಕೆಲಸ ಶುರು ಮಾಡಿದ ಮೇಲೆ ಇಂಗ್ಲೆಂಡಿನ ತುಂಬ ಇದೇ ಪಾಠ ಒಪ್ಪಿಸಿದ: ಹೂವಿನ ಪಾತಿ ತೆಗಿ, ಹುಲ್ಲನ್ನು ಮನೆಯ ಗೋಡೆಗೇ ತಂದು ತಾಗಿಸು, ತೊರೆಗೆ ಒಡ್ಡು ಹಾಕಿ ಕೆರೆ ಮಾಡು, ಮರಗಳನ್ನು ಗುಂಪು ಗುಂಪಾಗಿ ನೆಡು. ಬ್ಲೆನಿಮ್ ಅರಮನೆಯಲ್ಲಿ ವ್ಯಾನ್‌ಬ್ರೂ ಕಟ್ಟಿದ ಭಾರಿ ಸೇತುವೆಯ ಕೆಳಭಾಗ ಬ್ರೌನ್ ಮಾಡಿದ ಕೆರೆಯಲ್ಲಿ ಮುಳುಗಿಯೇ ಹೋಯಿತು. ಪ್ಲಾಸಿಯ ರಾಬರ್ಟ್ ಕ್ಲೈವ್ ಕೂಡ ಭಾರತದಲ್ಲಿ ಗಳಿಸಿದ ಹಣದಲ್ಲಿ ಕ್ಲೇರ್‌ಮಾಂಟ್ ಎಸ್ಟೇಟ್ ಕೊಂಡು ಬ್ರೌನ್‌ನನ್ನೇ ಕರೆಸಿದ.

ಹುಲ್ಲು ಮನೆ ಬಾಗಿಲಿಗೇ ಬಂದ ಮೇಲೆ ಹಾ-ಹಾ ಇಲ್ಲದೆ ನಡೆಯುವುದೇ ಇಲ್ಲ. ಇನ್ನೊಂದು ಲೆಕ್ಕವೂ ಇತ್ತು. ಹುಲ್ಲು ಕತ್ತರಿಸುವ ಯಂತ್ರ ಎಡ್ವಿನ್ ಬಡಿಂಗ್ ಕೈಯಿಂದ ಬಂದದ್ದು 1830ರಲ್ಲಿ. ಅಲ್ಲಿಯವರೆಗೆ ಉದ್ದ ಹಿಡಿಯ ಕುಡುಗೋಲು ಬೀಸಿ ಆಳುಗಳೇ ಕೊಯ್ಯಬೇಕಿತ್ತು. ಹಾಗಾಗಿ ಹಾ-ಹಾದ ಈಚೆ ಕೊಯ್ಯುವುದು ಆಳು, ಆಚೆ ಕೊಯ್ಯುವುದು ಕುರಿ. ಕುರಿಗೆ ಸಂಬಳ ಇಲ್ಲ. ಮೇಲಾಗಿ ಉಣ್ಣೆ, ಮಾಂಸ, ಗೊಬ್ಬರ. ಕಿಟಕಿಯ ನೋಟದಲ್ಲೂ ಅದಕ್ಕೊಂದು ಪಾತ್ರ.

ಇಷ್ಟು ಚಂದದ ನೋಟಕ್ಕೆ ಅಡ್ಡ ಬಂದದ್ದನ್ನು ಏನು ಮಾಡಿದರು? ಸ್ಟೋ ಎನ್ನುವ ಹಳ್ಳಿಯೇ ಇವತ್ತು ಅಲ್ಲಿಲ್ಲ. ಜನರನ್ನು ಪಕ್ಕದ ಊರುಗಳಿಗೆ ಕಳಿಸಿದರು. ಉಳಿದದ್ದು ಹಳೆಯ ಚರ್ಚ್ ಒಂದೇ, ಅದನ್ನೂ ಮರಗಳ ಹಿಂದೆ ಮುಚ್ಚಿಟ್ಟರು. ಡಾರ್ಸೆಟ್‌ನಲ್ಲಿ ಲಾರ್ಡ್ ಮಿಲ್ಟನ್ ಎಂಬುವನು ಇನ್ನೂ ಮುಂದೆ ಹೋಗಿ, ಮನೆ ಪಕ್ಕದ ಇಡೀ ಪೇಟೆಯನ್ನೇ ಕೆಡವಿಸಿ, ಕಣ್ಣಿಗೆ ಕಾಣದ ಕಣಿವೆಯಲ್ಲಿ 1780ರ ಸುಮಾರಿಗೆ ಮಿಲ್ಟನ್ ಅಬಾಸ್ ಎಂಬ ಹೊಸ ಹಳ್ಳಿ ಕಟ್ಟಿಸಿದ. ಅದರಲ್ಲೂ ಬ್ರೌನ್‌ನ ಕೈ ಇತ್ತು. ಆ ಹುಲ್ಲು ಚಾವಣಿಯ ಮನೆಗಳ ಮುಂದೆ ಈಗ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಾರೆ.

ಇದೇ ಹೊತ್ತಿಗೆ ದೇಶದ ಉಳಿದ ಕಡೆ ಬೇಲಿಗಳು ಏಳುತ್ತಿದ್ದವು. ಊರವರೆಲ್ಲ ದನ ಮೇಯಿಸುತ್ತಿದ್ದ ಗೋಮಾಳ, ಸೌದೆ ಆರಿಸುತ್ತಿದ್ದ ಬಯಲುಗಳನ್ನು ಕಾಯ್ದೆ ಮಾಡಿ ಖಾಸಗಿಗೆ ಹಂಚಿದರು. 1604ರಿಂದ 1914ರ ನಡುವೆ ಇಂಥ 5,200ಕ್ಕೂ ಹೆಚ್ಚು ಕಾಯ್ದೆಗಳು ಪಾಸಾದವು. 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೇ ಒಂದು ಭಾಗಕ್ಕೂ ಜಾಸ್ತಿ. 1723ರ ಬ್ಲ್ಯಾಕ್ ಆಕ್ಟ್ ಪ್ರಕಾರ ಮುಖಕ್ಕೆ ಮಸಿ ಬಳಿದುಕೊಂಡು ಪಾರ್ಕಿನ ಜಿಂಕೆ ಬೇಟೆಗೆ ಬಂದವನಿಗೆ ಗಲ್ಲು. ಬಡವನ ಕಣ್ಣಿಗೆ ಬೇಲಿ ಹೆಚ್ಚುತ್ತ ಹೋದ ಕಾಲದಲ್ಲೇ ಮಾಲೀಕನ ಕಿಟಕಿಯಿಂದ ಬೇಲಿ ಮಾಯವಾಯಿತು. ಹಾ-ಹಾ ಕೇವಲ ತೋಟಗಾರಿಕೆಯ ಚಮತ್ಕಾರ ಅಂತ ಬರೆಯುವವರು ಈ ಭಾಗವನ್ನು ಸುಮ್ನೆ ದಾಟಿಬಿಡುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ.

ಸ್ಟೋದ ಮುಂದಿನ ಕಥೆ ಸಾಲದ ಕಥೆ. ಮದುವೆಗಳಿಂದ ಆಸ್ತಿ ಬೆಳೆಯಿತು, ಹೆಸರೂ ಬೆಳೆಯಿತು. ಜಮೈಕಾದಲ್ಲಿ ಗುಲಾಮರು ದುಡಿಯುತ್ತಿದ್ದ ಹೋಪ್ ಎಂಬ ಕಬ್ಬಿನ ತೋಟವೂ ಹೀಗೇ ಕೈಗೆ ಬಂತು. 1822ರಲ್ಲಿ ಮನೆತನಕ್ಕೆ ಬಕಿಂಗ್‌ಹ್ಯಾಮ್ ಡ್ಯೂಕ್ ಪದವಿ ಸಿಕ್ಕಿತು. ಎರಡನೇ ಡ್ಯೂಕ್ 1845ರಲ್ಲಿ ವಿಕ್ಟೋರಿಯಾ ರಾಣಿಯನ್ನು ಕರೆಸಿ ಅದ್ದೂರಿ ಔತಣ ಕೊಟ್ಟ. ಎರಡೇ ವರ್ಷದಲ್ಲಿ ಅವನ ಸಾಲ ಹತ್ತು ಲಕ್ಷ ಪೌಂಡ್ ದಾಟಿದ್ದು ಬಯಲಾಯಿತು. 1848ರಲ್ಲಿ ಸ್ಟೋದ ಕುರ್ಚಿ, ಚಿತ್ರ, ಪಾತ್ರೆ ಎಲ್ಲವನ್ನೂ 40 ದಿನ ಹರಾಜು ಹಾಕಿದರು. ಬಂದದ್ದು ಸುಮಾರು 75 ಸಾವಿರ ಪೌಂಡ್.

ಮೂರನೇ ಡ್ಯೂಕ್ ನಮಗೆ ಪೂರ್ತಿ ಅಪರಿಚಿತನಲ್ಲ. ಅಪ್ಪನ ಸಾಲ ತೀರಿಸುತ್ತ ಬಂದ ಇವನು 1875ರಿಂದ 1880ರ ತನಕ ಮದ್ರಾಸಿನ ಗವರ್ನರ್ ಆಗಿದ್ದ. 1876–78ರ ಭೀಕರ ಬರಗಾಲ ಅವನ ಕಾಲದ್ದು. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಅದರ ಹೊಡೆತಕ್ಕೆ ಸಿಕ್ಕಿ ನಲುಗಿತು. ಚೆನ್ನೈಯಲ್ಲಿ ಅಡ್ಯಾರ್ ಮತ್ತು ಕೂವಂ ಹೊಳೆಗಳನ್ನು ಜೋಡಿಸುವ ಕಾಲುವೆಯ ತುಂಡನ್ನು ಬರ ಪರಿಹಾರದ ಕೂಲಿಯವರಿಂದ ತೋಡಿಸಿ, ಇಡೀ ಕಾಲುವೆಗೆ ಈ ಡ್ಯೂಕನ ಹೆಸರಿಟ್ಟರು. ಚೆನ್ನೈಗೆ ಹೋದವರು ನೋಡಿರುವ ಬಕಿಂಗ್‌ಹ್ಯಾಮ್ ಕಾಲುವೆ ಅದೇ.

ಅವನಿಗೆ ಗಂಡುಮಕ್ಕಳಿರಲಿಲ್ಲ. 1889ರಲ್ಲಿ ಅವನ ಜೊತೆಗೇ ಡ್ಯೂಕ್ ಪದವಿಯೂ ಹೋಯಿತು. 1921ರಲ್ಲಿ ಎಸ್ಟೇಟ್ ಮಾರಾಟವಾಯಿತು. 1923ರಿಂದ ಆ ಮನೆಯಲ್ಲಿ ಸ್ಟೋ ಸ್ಕೂಲ್ ನಡೆಯುತ್ತಿದೆ. ಕೆಡವಿ ಕಲ್ಲು ಮಾರಿದ ನೂರಾರು ಕಂಟ್ರಿ ಹೌಸ್‌ಗಳಿಗೆ ಹೋಲಿಸಿದರೆ ಸ್ಟೋ ಪುಣ್ಯ ಮಾಡಿತ್ತು. ತೋಟ 1989ರಲ್ಲಿ, ಹಳೆಯ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಬಂತು. ಟಿಕೆಟ್ ಕೊಂಡರೆ ಯಾರು ಬೇಕಾದರೂ ಒಳಗೆ ಹೋಗಬಹುದು. ಹೋದವರಿಗೆ ಒಂದು ಸಲಹೆ: ಹಾ-ಹಾ ನೋಡಬೇಕಾದರೆ ಮನೆಯ ಮೆಟ್ಟಿಲ ಮೇಲೆ ನಿಂತರೆ ಆಗುವುದಿಲ್ಲ. ಪಾರ್ಕಿನ ಕಡೆಗೆ ಹೋಗಿ, ಕುರಿ ನಿಲ್ಲುವ ಜಾಗದಲ್ಲಿ ನಿಂತು, ಮನೆಯ ಕಡೆ ತಿರುಗಿ.

ಈ ಪದ ತೋಟದಿಂದ ಆಚೆಗೂ ಹೋಗಿದೆ. 19ನೇ ಶತಮಾನದ ಆಸ್ಟ್ರೇಲಿಯಾದಲ್ಲಿ, ಮೆಲ್ಬರ್ನ್ ಹತ್ತಿರದ ಕ್ಯೂ ಮುಂತಾದ ಹುಚ್ಚಾಸ್ಪತ್ರೆಗಳ ಅಂಗಳಕ್ಕೆ ಹಾ-ಹಾ ಗೋಡೆ ಕಟ್ಟಿದರು. ಅಲ್ಲಿ ಕಂದಕವನ್ನು ಒಳಗಡೆಗೆ ತೋಡಿದ್ದರು. ರೋಗಿಗೆ ಹತ್ತಲಾಗದಷ್ಟು ಎತ್ತರ, ಹೊರಗಿನಿಂದ ನೋಡಿದವರಿಗೆ ಬರೀ ಮೋಟು ಗೋಡೆ. ಅಮೆರಿಕದಲ್ಲಿ 2001ರ ದಾಳಿಯ ನಂತರ ವಾಷಿಂಗ್ಟನ್ ಸ್ಮಾರಕಕ್ಕೆ ಬಾಂಬು ತುಂಬಿದ ಲಾರಿ ನುಗ್ಗಬಹುದು ಅಂತ ಭಯವಿತ್ತು. ಸುತ್ತ ಕಾಂಕ್ರೀಟ್ ದಿಮ್ಮಿ ಇಟ್ಟರೆ ನೋಟ ಕೆಡುತ್ತದೆ. ಕೊನೆಗೆ 2005ರಲ್ಲಿ ದಿಬ್ಬದ ಇಳಿಜಾರಿನಲ್ಲಿ ಹಾ-ಹಾ ಮಾದರಿಯ ಗಿಡ್ಡ ಗ್ರಾನೈಟ್ ಗೋಡೆಗಳನ್ನು ಹುದುಗಿಸಿದರು. ಲಾರಿಗೆ ಅದು ದಾಟಲಾಗದ ತಡೆ. ಪ್ರವಾಸಿಗರು ಅದರ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾರೆ.