ಹಾಸ್ಟೆಲ್ ವೈ-ಫೈ ಲಾಗ್‌ನಲ್ಲಿ ಏನಿರುತ್ತದೆ, ಅದು ಯಾರ ಕೈಗೆ ಹೋಗಬಾರದು

ವಿಶ್ವವಿದ್ಯಾಲಯದ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುವ ನಮ್ಮಂಥವರಿಗೆ ಪ್ರವೇಶಾತಿಯ ದಿನಗಳಲ್ಲಿ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: ಹಾಸ್ಟೆಲ್ ವೈ-ಫೈಯಲ್ಲಿ ನೋಡಿದ್ದೆಲ್ಲ ಕಾಲೇಜಿಗೆ ಗೊತ್ತಾಗುತ್ತದೆಯೇ? ಪೋಷಕರು ಗೊತ್ತಾಗಲಿ ಎಂಬ ಆಸೆಯಿಂದಲೂ ಮಕ್ಕಳು ಗೊತ್ತಾಗದಿರಲಿ ಎಂಬ ಆಸೆಯಿಂದಲೂ ಕೇಳುತ್ತಾರೆ. ನಿಜವಾದ ಉತ್ತರ ಇಬ್ಬರಿಗೂ ಅರ್ಧ ಸಮಾಧಾನವನ್ನಷ್ಟೇ ಕೊಡುತ್ತದೆ.

ವಿದ್ಯಾರ್ಥಿಯು ಲಾಗಿನ್ ಪುಟದಲ್ಲಿ ಯುಎಸ್ಎನ್ (ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆ) ಮತ್ತು ಪಾಸ್‌ವರ್ಡ್ ಹಾಕಿದ ಮೇಲೆ ಅವನ ಒಂದೊಂದು ಸಂಪರ್ಕಕ್ಕೂ ಜಾಲದ ಕಾವಲು ವ್ಯವಸ್ಥೆಯಾದ ಫೈರ್‌ವಾಲ್‌ನಲ್ಲಿ ಒಂದು ಸಾಲು ದಾಖಲಾಗುತ್ತದೆ; ಇಂಥ ಸಾಲುಗಳ ದಾಖಲೆಯೇ ಲಾಗ್. ಆ ಸಾಲಿನಲ್ಲಿ ಸಮಯ, ಯುಎಸ್ಎನ್, ಫೋನಿಗೆ ಆ ಹೊತ್ತು ಸಿಕ್ಕಿದ್ದ ಐಪಿ ವಿಳಾಸ (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ), ತೆರೆದ ಜಾಲತಾಣದ ಹೆಸರು, ಬಳಕೆಯಾದ ಡೇಟಾದ ಪ್ರಮಾಣ ಇರುತ್ತವೆ. ಇಂದು ಬಹುತೇಕ ತಾಣಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸುವ ಎಚ್‌ಟಿಟಿಪಿಎಸ್ ಬಳಸುವುದರಿಂದ ಯೂಟ್ಯೂಬ್ ತೆರೆದದ್ದು ಕಾಣುತ್ತದೆ, ಯಾವ ವಿಡಿಯೊ ಎಂಬುದು ಕಾಣುವುದಿಲ್ಲ. ಇನ್‌ಕಾಗ್ನಿಟೊ ಕಿಟಕಿಯನ್ನು ನಂಬಿದವರಿಗೆ ಒಂದು ಮಾತು: ಅದು ಫೋನಿನಲ್ಲಿ ಇತಿಹಾಸ ಉಳಿಯದಂತೆ ನೋಡಿಕೊಳ್ಳುತ್ತದೆಯೇ ಹೊರತು ನಮ್ಮ ಲಾಗ್‌ನಿಂದ ಏನನ್ನೂ ಅಳಿಸುವುದಿಲ್ಲ.

ಹಾಗಾದರೆ ಬರೀ ಹೆಸರು ತಾನೇ ಎಂದು ನಿರಾಳವಾಗುವಂತಿಲ್ಲ. ರಾತ್ರಿ ಎರಡು ಗಂಟೆಗೆ ಒಂದು ಯುಎಸ್ಎನ್‌ನ ಮುಂದೆ, ನಿಮ್ಹಾನ್ಸ್ ಮುನ್ನಡೆಸುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ತಾಣದ ಹೆಸರು ಬಂದಿದ್ದರೆ, ಒಳಗಿನ ಒಂದಕ್ಷರವನ್ನೂ ಓದದೆ ಆ ವಿದ್ಯಾರ್ಥಿಯ ಬಗ್ಗೆ ಹೇಳಬಾರದ್ದನ್ನೆಲ್ಲ ಆ ಸಾಲು ಹೇಳಿಬಿಡುತ್ತದೆ.

ಲಾಗ್ ಇಡಲೇಬೇಕಾದ ಕಾರಣಗಳೂ ಇವೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು, ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು. ಯಾರೋ ಒಬ್ಬರು ಸಂಶೋಧನಾ ಲೇಖನಗಳನ್ನು ರಾಶಿಗಟ್ಟಲೆ ಡೌನ್‌ಲೋಡ್ ಮಾಡಿದರೆ ಪ್ರಕಾಶಕರು ಇಡೀ ಕ್ಯಾಂಪಸ್ಸಿಗೇ ಬಾಗಿಲು ಹಾಕುವುದುಂಟು. ಆಗ ಗ್ರಂಥಪಾಲಕರು ಮೊದಲು ಓಡಿಬರುವುದು ನಮ್ಮ ಬಳಿಗೆ. ಇಂಥ ತನಿಖೆಗಳಲ್ಲಿ ಸಾಮಾನ್ಯವಾಗಿ ಬೇಕಾಗುವುದು, ಇಂಥ ಹೊತ್ತಿನಲ್ಲಿ ಇಂಥ ವಿಳಾಸ ಯಾರ ಬಳಿ ಇತ್ತು ಎಂಬುದಷ್ಟೇ. ಉಳಿದ ವಿದ್ಯಾರ್ಥಿಗಳು ಏನು ನೋಡಿದರು ಎಂಬುದಕ್ಕೆ ಅಲ್ಲಿ ಕೆಲಸವಿಲ್ಲ.

ತೊಂದರೆ ಹುಟ್ಟುವುದು ಸುರಕ್ಷತೆಗೆಂದು ಇಟ್ಟ ಲಾಗ್ ಶಿಸ್ತಿನ ಕಡತವಾದಾಗ. "ಆ ಹುಡುಗಿ ರಾತ್ರಿಯೆಲ್ಲ ಏನು ನೋಡುತ್ತಾಳೆ, ಸ್ವಲ್ಪ ತೆಗೆದುಕೊಡಿ ಸಾರ್" ಎಂದು ವಾರ್ಡನ್ ಫೋನಿನಲ್ಲಿ ಕೇಳುವುದು ನಮ್ಮ ವೃತ್ತಿಯಲ್ಲಿ ಅಪರೂಪವಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹಾಸ್ಟೆಲ್‌ನಲ್ಲಿ ಸಂಜೆ 6ರಿಂದ 10ರವರೆಗೆ ಮೊಬೈಲ್ ನಿಷೇಧಿಸಿದ್ದನ್ನು ಒಪ್ಪದೆ ಹೊರಹಾಕಲ್ಪಟ್ಟ ವಿದ್ಯಾರ್ಥಿನಿಯನ್ನು ಮರಳಿ ಸೇರಿಸಿಕೊಳ್ಳುವಂತೆ ಕೇರಳ ಹೈಕೋರ್ಟ್ 2019ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದ್ದೂ ಈ ಹಕ್ಕಿನ ನೆಲೆಯಲ್ಲೇ. ಆದ್ದರಿಂದ ಯಾವ ಘಟನೆಗೆ, ಯಾವ ಗಂಟೆಯಿಂದ ಯಾವ ಗಂಟೆಯವರೆಗಿನ ಲಾಗ್ ಬೇಕು ಎಂಬ ಲಿಖಿತ ಕೋರಿಕೆ ಮತ್ತು ಕುಲಸಚಿವರ ಸಹಿ ಇಲ್ಲದೆ ಒಂದು ಸಾಲನ್ನೂ ಕೊಡಬಾರದೆಂಬುದು ನನ್ನ ನಿಲುವು. ಬರವಣಿಗೆಯಲ್ಲಿ ಕೊಡಿ ಎಂದೊಡನೆ ಹೆಚ್ಚಿನ ಕುತೂಹಲಗಳು ತಾವಾಗಿಯೇ ಇಳಿದುಹೋಗುತ್ತವೆ.

ಇದಕ್ಕಿಂತ ಗಂಭೀರವಾದದ್ದು ಸರ್ಟಿಫಿಕೇಟಿನ, ಅಂದರೆ ಯಾರನ್ನು ಅಸಲಿ ಎಂದು ನಂಬಬೇಕೆಂದು ಫೋನಿಗೆ ತಿಳಿಸುವ ಡಿಜಿಟಲ್ ಕಡತದ ವಿಷಯ. ವೈ-ಫೈ ಬೇಕಾದರೆ ಈ ಸರ್ಟಿಫಿಕೇಟ್ ಹಾಕಿಕೊಳ್ಳಿ ಎಂದು ಕೆಲವೆಡೆ ಸೂಚಿಸುತ್ತಾರೆ. ಅದನ್ನು ಹಾಕಿಕೊಂಡ ಫೋನಿನ ಬ್ರೌಸರ್ ಫೈರ್‌ವಾಲನ್ನೇ ಅಸಲಿ ಜಾಲತಾಣವೆಂದು ನಂಬುತ್ತದೆ. ಫೈರ್‌ವಾಲ್ ಗೂಢಲಿಪಿಯನ್ನು ಬಿಡಿಸಿ ಇಮೇಲ್, ಪಾಸ್‌ವರ್ಡ್ ಎಲ್ಲವನ್ನೂ ಓದಬಲ್ಲದು. ಕಾಲೇಜಿನ ಲ್ಯಾಬ್ ಯಂತ್ರಗಳಲ್ಲಿ, ಮೊದಲೇ ತಿಳಿಸಿ, ವೈರಸ್ ತಡೆಯಲು ಇದನ್ನು ಬಳಸಿದರೆ ನನ್ನ ತಕರಾರಿಲ್ಲ. ವಿದ್ಯಾರ್ಥಿಯ ಸ್ವಂತ ಫೋನಿನಲ್ಲಿ ಮಾತ್ರ ಯಾವ ಕಾರಣಕ್ಕೂ ಕೂಡದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಕಟ್ಟುಪಾಡುಗಳ ಜಾರಿಗೆ 18 ತಿಂಗಳ ಅವಧಿ ಇದೆ. ಹದಿನೆಂಟು ತುಂಬದವರ ಮೇಲೆ ನಿಗಾ ಇಡುವುದನ್ನು ಕಾಯ್ದೆ ನಿಷೇಧಿಸುತ್ತದೆ. ಶಿಕ್ಷಣ ಸಂಸ್ಥೆಗಳಿಗೆ ಬೋಧನೆ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ವಿನಾಯಿತಿ ಇದೆ. ಮೊದಲ ವರ್ಷಕ್ಕೆ ಸೇರುವ ಎಷ್ಟೋ ಮಕ್ಕಳಿಗೆ ಹದಿನೇಳೇ ಆಗಿರುತ್ತದೆ ಎಂಬುದನ್ನು ಆಡಳಿತ ವಿಭಾಗಗಳು ಗಮನಿಸಿದಂತಿಲ್ಲ.

ತಮ್ಮ ಫೋನಿನಲ್ಲಿ ಅಂಥ ಸರ್ಟಿಫಿಕೇಟ್ ಇದೆಯೇ ಎಂದು ತಿಳಿಯಬೇಕಾದವರು ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ 'ಟ್ರಸ್ಟೆಡ್ ಕ್ರೆಡೆನ್ಷಿಯಲ್ಸ್' ಎಂದು ಹುಡುಕಿ, 'ಯೂಸರ್' ಎಂಬ ವಿಭಾಗವನ್ನು ತೆರೆಯಲಿ. ಅಲ್ಲಿ ಕಾಲೇಜಿನ ಅಥವಾ ಫೈರ್‌ವಾಲ್ ಕಂಪನಿಯ ಹೆಸರಿದ್ದರೆ ತೆಗೆದುಹಾಕಬಹುದು; ಆಮೇಲೆ ವೈ-ಫೈ ನಿಂತುಹೋದರೆ ಕಾರಣವನ್ನು ಜಾಲ ವಿಭಾಗದಿಂದ ಲಿಖಿತವಾಗಿ ಕೇಳಬೇಕು.