ಹುಳುಕಡ್ಡಿ ಯಾಕೆ ಬಳೆಯ ಹಾಗೆ ಮೂಡುತ್ತದೆ?

ಸೊಂಟದಲ್ಲೋ ತೋಳಿನಲ್ಲೋ ಹುಳುಕಡ್ಡಿ ಎದ್ದಾಗ ಹತ್ತಿರದಿಂದ ನೋಡಿ. ಅಂಚು ಕೆಂಪಗೆ ಉಬ್ಬಿ ಹೊಟ್ಟು ಏಳುತ್ತಿರುತ್ತದೆ. ನಡುಭಾಗ ಮಾತ್ರ ಹೆಚ್ಚುಕಡಿಮೆ ವಾಸಿಯಾದ ಹಾಗೆ ಕಾಣುತ್ತದೆ. ಬಿಳಿ ರಕ್ತಕಣಗಳ ಪಾಠ ನನಗೆ ಹಿಡಿದದ್ದು ಈ ಬಳೆಯಿಂದಲೇ.

ಹೆಸರಲ್ಲಿ ಹುಳು ಇದ್ದರೂ ಇದು ಫಂಗಸ್. ಟ್ರೈಕೋಫೈಟಾನ್ ಗುಂಪಿನದ್ದೇ ಜಾಸ್ತಿ. ಚರ್ಮದ ಮೇಲ್ಪದರದ ಸತ್ತ ಕೋಶಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ಇದರ ಊಟ. ಆ ಪದರದಲ್ಲಿ ರಕ್ತನಾಳವೇ ಇಲ್ಲ. ಹಾಗಾದರೆ ರಕ್ತದಲ್ಲಿರುವ ಕಣಗಳಿಗೆ ಸುದ್ದಿ ಮುಟ್ಟುವುದು ಹೇಗೆ?

ಕೆಳಗಿನ ಜೀವಂತ ಚರ್ಮಕೋಶಗಳೇ ಮುಟ್ಟಿಸುತ್ತವೆ. ಫಂಗಸ್‌ನ ಗೋಡೆಯಲ್ಲಿ ಬೀಟಾ-ಗ್ಲೂಕಾನ್ ಎಂಬ ಸಕ್ಕರೆಯ ಸರಪಳಿ ಇದೆ. ನಮ್ಮ ಮೈ ಅದನ್ನು ತಯಾರಿಸುವುದಿಲ್ಲ, ಹಾಗಾಗಿ ಹೊರಗಿನವರು ಬಂದರೆಂದು ಗೊತ್ತಾಗುತ್ತದೆ. ಬಿಳಿ ರಕ್ತಕಣಗಳನ್ನು ಕರೆಯುವ ಐಎಲ್-8 ಮುಂತಾದ ರಾಸಾಯನಿಕಗಳು ಹೊರಬೀಳುತ್ತವೆ. ರಕ್ತನಾಳ ಹಿಗ್ಗುತ್ತದೆ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅದರ ಗೋಡೆಯ ಸಂದಿಯಲ್ಲಿ ನುಸುಳಿ ಜಾಡು ಹಿಡಿದು ಮೇಲೇರುತ್ತವೆ. ಆ ಕೆಂಪು, ಆ ಉಬ್ಬು ಇದರದ್ದೇ.

ನ್ಯೂಟ್ರೋಫಿಲ್ ಬೀಟಾ-ಗ್ಲೂಕಾನನ್ನು ತನ್ನ ಮೈಮೇಲಿನ ಡೆಕ್ಟಿನ್-1 ಎಂಬ ಗ್ರಾಹಕ ಪ್ರೋಟೀನಿನಿಂದ ಗುರುತಿಸುತ್ತದೆ. ಸಣ್ಣ ಬೀಜಕಣವಾದರೆ ನುಂಗಿ, ಒಳಗೇ ಹೈಡ್ರೋಜನ್ ಪೆರಾಕ್ಸೈಡ್‌ನಂಥವುಗಳಿಂದ ಸುಡುತ್ತದೆ. ಆದರೆ ಫಂಗಸ್ ಎಳೆ ಎಳೆಯಾಗಿ ಬೆಳೆಯುತ್ತದೆ. ಅಷ್ಟು ಉದ್ದದ್ದನ್ನು ನುಂಗುವುದು ಆಗದ ಮಾತು. ಆಗ ನ್ಯೂಟ್ರೋಫಿಲ್ ತನ್ನ ಡಿಎನ್‌ಎಯನ್ನೇ ಬಲೆಯಂತೆ ಹೊರಚೆಲ್ಲಬಲ್ಲದು! ವಿಜ್ಞಾನಿಗಳು ಈ ಬಲೆಯನ್ನು ಮೊದಲು ವಿವರಿಸಿದ್ದು 2004ರಲ್ಲಿ. ನುಂಗುವ ವಿಷಯ ಮಾತ್ರ ಹಳೆಯದು. 1884ರಲ್ಲೇ ಜೀವವಿಜ್ಞಾನಿ ಮೆಚ್ನಿಕಾಫ್ ನೀರುಚಿಗಟ ಎಂಬ ಪುಟ್ಟ ಜಲಜೀವಿಯ ಮೈಯೊಳಗೆ ಕಣಗಳು ಬೀಜಕಣಗಳನ್ನು ಮುತ್ತಿ ನುಂಗುವುದನ್ನು ಬರೆದಿಟ್ಟಿದ್ದರು. ಆ ಬೀಜಕಣಗಳೂ ಒಂದು ಫಂಗಸ್‌ನವೇ, ನನಗಂತೂ ಇದು ತುಂಬಾ ಇಷ್ಟ.

ಕೆಲವು ದಿನಗಳ ನಂತರ ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಸೇರಿಕೊಳ್ಳುತ್ತವೆ. ಅವು ಬಿಡುವ ಐಎಲ್-17 ಎಂಬ ರಾಸಾಯನಿಕದಿಂದ ಇನ್ನಷ್ಟು ನ್ಯೂಟ್ರೋಫಿಲ್ ಬರುತ್ತವೆ. ಚರ್ಮವೂ ಬೇಗ ಬೇಗ ಉದುರುತ್ತದೆ, ಜೊತೆಗೆ ಫಂಗಸ್ ಕೂಡ.

ಈಗ ಬಳೆಗೆ ಬನ್ನಿ. ನಡುವೆ ಫಂಗಸ್ ಬಹುಪಾಲು ಸೋತಿದೆ. ಜೀವಂತವಾಗಿರುವುದು ಹೊರಕ್ಕೆ ಓಡುತ್ತಿರುವ ಅಂಚಿನಲ್ಲಿ. ಲ್ಯಾಬಿನಲ್ಲಿ ಅಂಚಿನ ಹೊಟ್ಟನ್ನೇ ಕೆರೆದು, 10% ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹನಿ ಹಾಕಿ ಎಳೆ ಹುಡುಕುವುದು ಇದಕ್ಕೇ.

ತುರಿಕೆಗೆಂದು ಸುಮ್ನೆ ಸ್ಟೀರಾಯ್ಡ್ ಕ್ರೀಮ್ ಹಚ್ಚಿದರೆ ಬಿಳಿ ರಕ್ತಕಣಗಳನ್ನು ಕರೆಯುವ ಈ ಸಂಕೇತಗಳೆಲ್ಲ ಅಡಗುತ್ತವೆ. ಕೆಂಪು ಇಳಿಯುತ್ತದೆ, ವಾಸಿಯಾಯಿತು ಅನ್ನಿಸುತ್ತದೆ, ಅಲ್ವಾ? ಫಂಗಸ್ ಮಾತ್ರ ಹರಡುತ್ತಲೇ ಇರುತ್ತದೆ. ಬಳೆಯ ಆಕಾರ ಅಳಿಸಿಹೋಗಿ ವೈದ್ಯರಿಗೂ ಗುರುತು ಸಿಗುವುದು ಕಷ್ಟ. ಕ್ರೀಮ್ ನಿಲ್ಲಿಸಿದ ಮೇಲೆ ಮೊದಲಿಗಿಂತ ಅಗಲವಾಗಿ ಕೆಂಪೇಳುತ್ತದೆ.